ತಂಡಕ್ಕೊಂದು ಗುರಿ, ಗುರಿಗೊಂದು ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ರೈಸ್‌ಮಿಲ್, ಜೀನ್ಸ್ ಹೊಲಿಗೆ ಘಟಕ, ಸಹಕಾರ ಸಂಘ, ಶಾಲೆ, ಕಚೇರಿ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಮಿಲ್ಲು ಮತ್ತು ಹೊಲಿಗೆ ಘಟಕದ ಉದಾಹರಣೆಗಳಲ್ಲಿರುವ ಅಂಕಿಗಳು ಲೆಕ್ಕದ ದಾರಿ ತೋರಿಸಲು ಕೊಟ್ಟವು. ನಿಮ್ಮ ಅಂಕಿ ನಿಮ್ಮ ರಿಜಿಸ್ಟರಿನಿಂದಲೇ ಬರಬೇಕು.

ಅಳೆಯಬಹುದಾದ ಗುರಿ ಅಂದರೆ ಏನು?

"ಈ ಹಂಗಾಮಿನಲ್ಲಿ ಮಾಲು ಚೆನ್ನಾಗಿ ಬರಲಿ" ಎನ್ನುವುದು ಹಾರೈಕೆ. ಅದನ್ನು ಕೇಳಿಸಿಕೊಂಡ ಮಿಲ್ ಆಪರೇಟರಿಗೆ ನಾಳೆ ಬೆಳಿಗ್ಗೆ ಏನು ಬದಲಿಸಬೇಕು ಅನ್ನುವುದು ಗೊತ್ತಾಗುವುದಿಲ್ಲ. "ನೂರು ಕೆ.ಜಿ. ಅಕ್ಕಿಯಲ್ಲಿ ಈಗ 12 ಕೆ.ಜಿ. ನುಚ್ಚು ಬರುತ್ತಿದೆ, ಜನವರಿ ಕೊನೆಯ ಹೊತ್ತಿಗೆ ಅದು 8 ಕೆ.ಜಿ.ಗೆ ಇಳಿಯಬೇಕು, ಪ್ರತಿ ಲಾಟಿನಿಂದ ತೆಗೆದ 100 ಗ್ರಾಂ ಮಾದರಿಯಲ್ಲಿ ಅಳೆಯಬೇಕು, ಲ್ಯಾಬಿನವರ ಪುಸ್ತಕವೇ ಅಂತಿಮ" ಎಂದು ಬರೆದರೆ ಅದು ಗುರಿ. ಯಾವುದನ್ನು ಅಳೆಯುತ್ತೇವೆ, ಈಗ ಎಷ್ಟಿದೆ, ಎಷ್ಟಾಗಬೇಕು, ಯಾವ ದಿನದೊಳಗೆ, ಯಾರ ಪುಸ್ತಕದ ಪ್ರಕಾರ: ಐದೂ ಇರಬೇಕು. ಮೊದಲ ನಾಲ್ಕನ್ನು ಬಹಳ ಜನ ಬರೆಯುತ್ತಾರೆ. ಐದನೆಯದು ಬಿಟ್ಟುಹೋಗುತ್ತದೆ, ತಿಂಗಳ ಕೊನೆಯ ಜಗಳ ಅಲ್ಲಿಂದಲೇ ಶುರುವಾಗುತ್ತದೆ.

ಈ ಪದ್ಧತಿ ಎಲ್ಲಿಂದ ಬಂತು?

1954ರಲ್ಲಿ ಪೀಟರ್ ಡ್ರಕರ್ ಗುರಿ ಹಿಡಿದು ಆಡಳಿತ ನಡೆಸುವ ವಿಚಾರವನ್ನು ಮುಂದಿಟ್ಟರು. 1970ರ ದಶಕದಲ್ಲಿ ಇಂಟೆಲ್ ಕಂಪನಿಯ ಆ್ಯಂಡಿ ಗ್ರೋವ್ ಅದನ್ನು ಒಂದು ಗುರಿ, ಅದರ ಕೆಳಗೆ ಕೆಲವು ಅಳತೆಗಳು ಎನ್ನುವ ರೂಪಕ್ಕೆ ತಂದರು. ಅದೇ ಇವತ್ತು ಓಕೆಆರ್ ಎಂದು ಹೆಸರಾಗಿದೆ. ಅಲ್ಲಿ ಕೆಲಸ ಮಾಡಿದ್ದ ಜಾನ್ ಡೋರ್ 1999ರಲ್ಲಿ ಅದನ್ನು ಗೂಗಲ್‌ಗೆ ಕಲಿಸಿದರು. ನಿರ್ದಿಷ್ಟವಾದ, ಅಳೆಯಬಹುದಾದ, ಗಡುವು ಇರುವ ಗುರಿಗೆ ಹೇಳುವ ಸ್ಮಾರ್ಟ್ ಗುರಿ ಎಂಬ ಮಾತು 1981ರಲ್ಲಿ ಜಾರ್ಜ್ ಡೋರನ್ ಬರೆದ ಲೇಖನದ್ದು. ಹೆಸರು ಯಾವುದಾದರೂ ಇಟ್ಟುಕೊಳ್ಳಿ, ಕೆಲಸ ನಡೆಯಬೇಕು.

ಎಷ್ಟು ಗುರಿ ಇಟ್ಟುಕೊಳ್ಳಬಹುದು?

ಮೊದಲ ಸಲ ಒಂದೇ. ಅದರ ಕೆಳಗೆ ಎರಡರಿಂದ ನಾಲ್ಕು ಅಳತೆ. ರೂಢಿಯಾದ ಮೇಲೂ ಒಂದು ತಂಡಕ್ಕೆ ಮೂರಕ್ಕಿಂತ ಹೆಚ್ಚು ಗುರಿ ಬೇಡ. ಹನ್ನೆರಡು ಗುರಿ ಬರೆದ ಕಡೆ ಪ್ರತಿಯೊಬ್ಬರೂ ತಮಗೆ ಸುಲಭವಾದದ್ದನ್ನು ಆರಿಸಿಕೊಳ್ಳುತ್ತಾರೆ. ಆಗ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಗುತ್ತದೆ. ಖರೀದಿಯವರು ಅಗ್ಗದ ಭತ್ತ ತರುತ್ತಾರೆ, ಮಿಲ್ಲಿನವರು ಅದೇ ಭತ್ತದಲ್ಲಿ ನುಚ್ಚು ಹೆಚ್ಚಾಯಿತೆಂದು ಬೈಸಿಕೊಳ್ಳುತ್ತಾರೆ.

ಒಂದೇ ಅಂಕಿಯನ್ನು ಇಬ್ಬರು ಎರಡು ರೀತಿ ಹೇಳುತ್ತಾರೆ. ಯಾರದು ಸರಿ?

ಬಹಳ ಸಲ ಇಬ್ಬರದೂ ಸರಿ ಇರುತ್ತದೆ. ಹಾಗಾಗಿಯೇ ತಂಡ ಒಡೆಯುತ್ತದೆ. ಕಾರಟಗಿ, ಗಂಗಾವತಿ, ಸಿಂಧನೂರು ಕಡೆಯ ಯಾವ ಮಿಲ್ಲಿನವರಿಗೂ ಪರಿಚಯ ಇರುವ ಒಂದು ಲೆಕ್ಕ ನೋಡಿ.

ಗೇಟಿನಲ್ಲಿ 100 ಕ್ವಿಂಟಲ್ ಭತ್ತ ತೂಕವಾಗಿ ಒಳಗೆ ಬಂತು, ತೇವಾಂಶ 17. ಅಂದರೆ ಅದರಲ್ಲಿ ನೀರು 17 ಕ್ವಿಂಟಲ್, ಒಣ ಪದಾರ್ಥ 83. ಗಿರಣಿಗೆ ಹಾಕುವ ಮೊದಲು ಅದನ್ನು 14ಕ್ಕೆ ಒಣಗಿಸಿದಿರಿ. ಒಣ ಪದಾರ್ಥ ಅದೇ 83, ಆದರೆ ಈಗ ಅದು ಒಟ್ಟು ತೂಕದ ನೂರಕ್ಕೆ 86 ಭಾಗ. 83 ಅನ್ನು 0.86ರಿಂದ ಭಾಗಿಸಿದರೆ 96.5 ಕ್ವಿಂಟಲ್. ಯಾರೂ ಕದ್ದಿಲ್ಲ, ಎಲ್ಲೂ ಚೆಲ್ಲಿಲ್ಲ, ಮೂರೂವರೆ ಕ್ವಿಂಟಲ್ ನೀರು ಆವಿಯಾಗಿ ಹೋಗಿದೆ. ಈ 96.5ಕ್ಕೆ ನೂರಕ್ಕೆ 67ರಂತೆ ಅಕ್ಕಿ ಬಿದ್ದರೆ 64.7 ಕ್ವಿಂಟಲ್. ಆಪರೇಟರ್ "ನನ್ನ ಇಳುವರಿ 67" ಅನ್ನುತ್ತಾರೆ. ಖರೀದಿ ಲೆಕ್ಕ ಬರೆಯುವ ಗುಮಾಸ್ತರು "64.7 ಅಷ್ಟೇ ಬಂದದ್ದು" ಅನ್ನುತ್ತಾರೆ. ಮಾಲೀಕರು ನಡುವೆ ಕೂತು ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಪರಿಹಾರ ಒಂದು ಸಾಲಿನ ವ್ಯಾಖ್ಯೆ: "ಇಳುವರಿ ಅಂದರೆ ಗಿರಣಿಗೆ ಸುರಿಯುವ ಹೊತ್ತಿಗೆ ತೂಗಿದ, ತೇವಾಂಶ 14 ಇರುವ ಭತ್ತದ ನೂರು ಕ್ವಿಂಟಲಿಗೆ ಬಂದ ಅಕ್ಕಿ." ಒಣಗುವಾಗ ಆಗುವ ನಷ್ಟಕ್ಕೆ ಬೇರೆ ಕಾಲಂ ಹಾಕಿ. ಸರ್ಕಾರಕ್ಕೆ ಭತ್ತ ಗಿರಣಿ ಮಾಡಿಕೊಡುವಾಗ ಹಸಿ ಅಕ್ಕಿಗೆ ನೂರಕ್ಕೆ 67, ಕುಸಲಕ್ಕಿಗೆ 68 ಎಂಬ ಮಾನದಂಡ ಇರುವುದರಿಂದ ಈ ಸಾಲು ಇನ್ನೂ ಮುಖ್ಯ. ನುಚ್ಚಿಗೂ ಹೀಗೆಯೇ ಬರೆದಿಡಬೇಕು: ಇಡೀ ಕಾಳಿನ ಮುಕ್ಕಾಲು ಭಾಗಕ್ಕಿಂತ ಚಿಕ್ಕದಾದ ತುಂಡು ನುಚ್ಚು. ಹೀಗೆ ಬರೆಯದಿದ್ದರೆ ಒಂದು ಪಾಳಿಯವರು ಅರ್ಧ ಕಾಳನ್ನು ನುಚ್ಚು ಅನ್ನುತ್ತಾರೆ, ಇನ್ನೊಂದು ಪಾಳಿಯವರು ಕಾಲು ಕಾಳನ್ನು ಮಾತ್ರ.

ವ್ಯಾಖ್ಯೆ ಬರೆದ ಮೇಲೆ ಅದನ್ನು ಪರೀಕ್ಷಿಸುವ ದಾರಿಯೂ ಸುಲಭ. ಒಂದೇ ಚೀಲದ ಮಾದರಿಯನ್ನು ಇಬ್ಬರ ಕೈಗೆ ಬೇರೆ ಬೇರೆ ಕೊಡಿ, ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳಬೇಡಿ. ಎರಡರ ನಡುವೆ ಒಂದಕ್ಕಿಂತ ಹೆಚ್ಚು ಅಂತರ ಬಂದರೆ ಗುರಿ ಬರೆಯುವ ಕಾಲ ಇನ್ನೂ ಬಂದಿಲ್ಲ. ಮೊದಲು ಮಾಯಿಶ್ಚರ್ ಮೀಟರ್, ತಕ್ಕಡಿ, ಮಾದರಿ ತೆಗೆಯುವ ಕ್ರಮ ಸರಿಪಡಿಸಿ. ಚೀಲದ ಬಾಯಿಯಿಂದ ಹಿಡಿ ತುಂಬಾ ತೆಗೆದ ಮಾದರಿಗೂ, ನಡುವಿನವರೆಗೆ ಕೊಳವೆ ಚುಚ್ಚಿ ತೆಗೆದ ಮಾದರಿಗೂ ಬಹಳ ವ್ಯತ್ಯಾಸ ಇರುತ್ತದೆ.

ಗುರಿಯ ಅಂಕಿಯನ್ನು ಹೇಗೆ ನಿರ್ಧರಿಸುವುದು?

ಮೊದಲ ಮೂರು-ನಾಲ್ಕು ವಾರ ಏನೂ ಬದಲಿಸದೆ ಬರೀ ಅಳೆಯಿರಿ. ಈಗಿನ ಮಟ್ಟ ಗೊತ್ತಿಲ್ಲದೆ ಇಟ್ಟ ಗುರಿ ಕಣ್ಣಳತೆಯ ಮಾತು. ಆ ಅವಧಿಯಲ್ಲಿ ನಿಮ್ಮದೇ ತಂಡ ಅತಿ ಚೆನ್ನಾಗಿ ಕೆಲಸ ಮಾಡಿದ ದಿನಗಳನ್ನು ಗುರುತು ಹಾಕಿಕೊಳ್ಳಿ. ಸರಾಸರಿ 12 ಇದ್ದು, ಒಳ್ಳೆಯ ದಿನಗಳಲ್ಲಿ 8 ಬಂದಿದ್ದರೆ 8 ಒಳ್ಳೆಯ ಗುರಿ. ನಿಮ್ಮ ಯಂತ್ರ, ನಿಮ್ಮ ಜನ, ನಿಮ್ಮ ಭತ್ತ ಅದನ್ನು ಒಮ್ಮೆ ಮಾಡಿ ತೋರಿಸಿದ್ದಾರೆ, ಹಾಗಾಗಿ "ಆಗಂಗಿಲ್ರೀ" ಅನ್ನುವ ಮಾತು ಏಳುವುದಿಲ್ಲ. ಬೇರೆ ಊರಿನ ದೊಡ್ಡ ಕಾರ್ಖಾನೆಯ ಅಂಕಿಯನ್ನು ತಂದು ಗೋಡೆಗೆ ಅಂಟಿಸಿದರೆ ಆ ಮಾತು ಎದ್ದೇ ಏಳುತ್ತದೆ.

ಒಟ್ಟು ಗುರಿಯನ್ನು ವಿಭಾಗಗಳಿಗೆ ಹಂಚುವುದು ಹೇಗೆ?

ಅಂಕಿಯನ್ನು ಸಮನಾಗಿ ಹಂಚುವುದು ತಪ್ಪು. ಯಾರ ಕೈಯಿಂದ ಅದು ಬದಲಾಗುತ್ತದೋ ಅವರಿಗೆ ಸೇರಬೇಕು. ಅದು ಯಾರ ಕೈ ಎಂದು ತಿಳಿಯಲು ದೋಷಗಳನ್ನು ಬಗೆ ಬಗೆಯಾಗಿ ಎಣಿಸಬೇಕು.

ಬಳ್ಳಾರಿಯ ಒಂದು ಜೀನ್ಸ್ ಘಟಕ ದಿನಕ್ಕೆ 400 ಪೀಸು ಹೊಲಿಯುತ್ತದೆ ಎಂದುಕೊಳ್ಳಿ. ವಾಷಿಂಗ್ ಮುಗಿದು ಚೆಕಿಂಗ್‌ಗೆ ಬಂದಾಗ ನೂರಕ್ಕೆ 9 ಪೀಸು ಆಲ್ಟರಿಗೆ, ಅಂದರೆ ಮತ್ತೆ ಸರಿಪಡಿಸಲು, ಹೋಗುತ್ತಿವೆ. ಗುರಿ: ಮೂರು ತಿಂಗಳಲ್ಲಿ 9ರಿಂದ 4. ಸಹಜವಾಗಿ ಎಲ್ಲರ ಕಣ್ಣು ಟೇಲರುಗಳ ಮೇಲೆ. ಹನ್ನೆರಡು ಕೆಲಸದ ದಿನ, 4,800 ಪೀಸು, 432 ಆಲ್ಟರ್. ಚೆಕಿಂಗ್ ಟೇಬಲ್ಲಿನಲ್ಲಿ ಒಂದು ಹಾಳೆ ಇಟ್ಟು ದೋಷದ ಹೆಸರಿನ ಮುಂದೆ ಗೆರೆ ಹಾಕುತ್ತ ಹೋದರೆ ಹೀಗೆ ಬಂತು ಎನ್ನಿ: ಅಳತೆ ಗಿಡ್ಡ 168, ಶೇಡ್ ವ್ಯತ್ಯಾಸ 97, ಜಿಪ್ 66, ಜೇಬು ಸೊಟ್ಟ 51, ಇತರೆ 50. ಮೊದಲ ಎರಡೇ ಸೇರಿ 265, ಅಂದರೆ ನೂರಕ್ಕೆ 61. ಆ ಎರಡೂ ಹುಟ್ಟುವುದು ಕಟಿಂಗ್ ಟೇಬಲ್ಲಿನಲ್ಲಿ, ಹೊಲಿಗೆ ಮಷಿನ್ನಿನಲ್ಲಿ ಅಲ್ಲ.

ಅಳತೆ ಗಿಡ್ಡವಾಗುವುದು ಬಟ್ಟೆ ಕುಗ್ಗುವುದರಿಂದ. ಪ್ರತಿ ರೋಲಿನಿಂದ ಒಂದು ತುಂಡು ತೆಗೆದು ಅದರ ಮೇಲೆ 50 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಚೌಕ ಗುರುತು ಮಾಡಿ, ಮಾಲಿಗೆ ಕೊಡುವ ವಾಷನ್ನೇ ಕೊಟ್ಟು, ಒಣಗಿಸಿ ಮತ್ತೆ ಅಳೆಯಬೇಕು. ಉದ್ದ 48 ಬಂದರೆ ಕುಗ್ಗಿದ್ದು ನೂರಕ್ಕೆ 4. ತೊಳೆದ ಮೇಲೆ 100 ಸೆಂ.ಮೀ. ಬೇಕಾದರೆ ಪ್ಯಾಟರ್ನ್ 100 ಭಾಗಿಸು 0.96, ಅಂದರೆ 104.2 ಸೆಂ.ಮೀ. ಇರಬೇಕು. ನೂರಕ್ಕೆ ನಾಲ್ಕು ಅಂದರೆ 104 ಎಂದು ಕೂಡಿಸಿಬಿಟ್ಟರೆ 2 ಮಿ.ಮೀ. ಕಡಿಮೆ. ಅದು ಸಣ್ಣದು, ಆದರೆ ಕುಗ್ಗುವಿಕೆ 10 ಇರುವ ಸ್ಟ್ರೆಚ್ ಬಟ್ಟೆಯಲ್ಲಿ 110ಕ್ಕೂ 111.1ಕ್ಕೂ ಒಂದು ಸೆಂ.ಮೀ.ಗಿಂತ ಹೆಚ್ಚು ಅಂತರ. ಅಗಲವನ್ನೂ ಬೇರೆಯಾಗಿ ನೋಡಬೇಕು, ಸ್ಟ್ರೆಚ್ ಬಟ್ಟೆ ಅಗಲಕ್ಕೇ ಹೆಚ್ಚು ಕುಗ್ಗುತ್ತದೆ. ರೋಲು ಬಿಚ್ಚಿದ ಕೂಡಲೇ ಎಳೆದು ಹಾಸಿ ಕತ್ತರಿಸಿದರೂ ಇದೇ ತೊಂದರೆ. ಹಿಂದಿನ ದಿನವೇ ಬಿಚ್ಚಿ ಸಡಿಲ ಬಿಡಬೇಕು. ಇನ್ನು ಶೇಡ್ ವ್ಯತ್ಯಾಸ: ಬೇರೆ ಬೇರೆ ರೋಲಿನ ಮುಂಭಾಗ ಹಿಂಭಾಗ ಒಂದೇ ಪ್ಯಾಂಟಿಗೆ ಸೇರಿದಾಗ ತೊಳೆಯುವವರೆಗೆ ಗೊತ್ತಾಗುವುದಿಲ್ಲ. ಕತ್ತರಿಸಿದ ಕೂಡಲೇ ಪ್ರತಿ ತುಂಡಿಗೂ ನಂಬರ್ ಸ್ಟಿಕರ್ ಬೀಳಬೇಕು.

ಈಗ ಗುರಿ ಹಂಚುವುದು ಸುಲಭ. ಕಟಿಂಗ್ ಮಾಸ್ಟರಿಗೆ: ಕುಗ್ಗುವಿಕೆ ಪರೀಕ್ಷೆ ಮಾಡದೆ ಒಂದು ರೋಲೂ ಟೇಬಲ್ ಹತ್ತಬಾರದು, ಅಳತೆ ಗಿಡ್ಡ ಮತ್ತು ಶೇಡ್ ಆಲ್ಟರ್ ನೂರಕ್ಕೆ ಐದೂವರೆಯಿಂದ ಎರಡಕ್ಕೆ ಇಳಿಯಬೇಕು. ಹೊಲಿಗೆ ಸಾಲಿಗೆ: 20 ಪೀಸಿನ ಪ್ರತಿ ಬಂಡಲಿನಲ್ಲಿ 5 ನೋಡುವುದು, ಒಂದು ಕೆಟ್ಟಿದ್ದರೆ ಇಪ್ಪತ್ತೂ ನೋಡುವುದು, ಜಿಪ್ ಮತ್ತು ಜೇಬಿನ ಆಲ್ಟರ್ ಎರಡೂವರೆಯಿಂದ ಒಂದಕ್ಕೆ. ಇತರೆ ಒಂದು ಇದ್ದಲ್ಲೇ ಇರಲಿ. ಎರಡು, ಒಂದು, ಒಂದು: ಕೂಡಿದರೆ ನಾಲ್ಕು. ಪ್ರತಿಯೊಬ್ಬರ ಅಂಕಿ ಕೂಡಿ ಒಟ್ಟು ಗುರಿಗೆ ಬರುತ್ತದೋ ಇಲ್ಲವೋ ಎಂದು ಬರೆಯುವ ದಿನವೇ ಕೂಡಿಸಿ ನೋಡಿ. ಕೂಡದ ಗುರಿಗಳು ಬೋರ್ಡಿನ ಮೇಲೆ ಬಹಳ ದಿನ ನಿಲ್ಲುವುದಿಲ್ಲ.

ದಿನ ದಿನಕ್ಕೂ ಅಂಕಿ ಏರಿಳಿಯುತ್ತದೆ. ಯಾವಾಗ ಚಿಂತೆ ಮಾಡಬೇಕು?

ಅದೇ ಘಟಕದಲ್ಲಿ ದಿನಕ್ಕೆ ಸರಾಸರಿ 36 ಆಲ್ಟರ್. ಏನೂ ಬದಲಾಗದಿದ್ದರೂ ಒಂದು ದಿನ 28, ಮರುದಿನ 43 ಬರಬಹುದು. 400 ಪೀಸಿಗೆ ನೂರಕ್ಕೆ 9ರ ಲೆಕ್ಕದಲ್ಲಿ ಸುಮಾರು 25ರಿಂದ 47ರವರೆಗಿನ ಏರಿಳಿತ ಸಹಜ. ಇದನ್ನು ತಿಳಿಯದೆ 43 ಬಂದ ದಿನ ಬೈದು, 28 ಬಂದ ದಿನ ಸಿಹಿ ಹಂಚಿದರೆ, ಬೈದದ್ದರಿಂದಲೇ ಸುಧಾರಿಸಿತು ಎನ್ನುವ ಭ್ರಮೆ ಹುಟ್ಟುತ್ತದೆ. ಬೈದರೂ ಬೈಯದಿದ್ದರೂ ಅದು ಸರಾಸರಿಯ ಕಡೆಗೆ ಇಳಿಯುತ್ತಿತ್ತು.

ವಾರದ ಸರಾಸರಿ ನೋಡಿ. ಸತತ ಆರೇಳು ದಿನ ಸರಾಸರಿಯ ಒಂದೇ ಬದಿಗೆ ಬಿದ್ದರೆ ನಿಜವಾಗಿ ಏನೋ ಬದಲಾಗಿದೆ, ಕಾರಣ ಹುಡುಕಿ. ಒಂದೇ ದಿನ 47 ದಾಟಿದರೆ ಅವತ್ತೇ ಹುಡುಕಿ. ಉಳಿದ ದಿನ ಸುಮ್ಮನಿರುವುದೂ ಮೇಲ್ವಿಚಾರಕರ ಕೆಲಸವೇ.

ಅಂಕಿ ಸುಧಾರಿಸಿದೆ, ಕೆಲಸ ಸುಧಾರಿಸಿಲ್ಲ. ಹೀಗೆ ಯಾಕೆ?

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತ ಗುರುತಿಸಿದ ಸಮಸ್ಯೆ ಇದು: ಯಾವ ಅಂಕಿಯನ್ನು ಹಿಡಿದು ಒತ್ತಡ ಹೇರುತ್ತೀರೋ ಆ ಅಂಕಿ ತನ್ನ ಅರ್ಥ ಕಳೆದುಕೊಳ್ಳುತ್ತದೆ. ನುಚ್ಚು ಕಡಿಮೆ ಮಾಡಿ ಅಂದರೆ ಆಪರೇಟರ್ ಪಾಲಿಶ್ ಕಡಿಮೆ ಮಾಡಬಹುದು. ನುಚ್ಚು ಇಳಿಯುತ್ತದೆ, ಆದರೆ ಅಕ್ಕಿ ಕೆಂಪಗೆ ಉಳಿದು ವ್ಯಾಪಾರಿ ವಾಪಸ್ ಕಳಿಸುತ್ತಾನೆ. ಗಿರಣಿಯ ವೇಗ ಇಳಿಸಿದರೂ ನುಚ್ಚು ಇಳಿಯುತ್ತದೆ, ಕರೆಂಟ್ ಬಿಲ್ಲು ಏರುತ್ತದೆ.

ಅದಕ್ಕೇ ಪ್ರತಿ ಅಳತೆಗೂ ಒಂದು ಜೋಡಿ ಬೇಕು. ನುಚ್ಚಿನ ಜೊತೆಗೆ ಕ್ವಿಂಟಲಿಗೆ ಖರ್ಚಾದ ವಿದ್ಯುತ್ ಯೂನಿಟ್ ಮತ್ತು ವಾಪಸ್ ಬಂದ ಚೀಲ. ಹೊಲಿಗೆಯಲ್ಲಿ ಪೀಸಿನ ಸಂಖ್ಯೆಯ ಜೊತೆಗೆ ಆಲ್ಟರ್. ಸಾಲ ವಸೂಲಿ ಪ್ರಮಾಣದ ಜೊತೆಗೆ ಹೊಸ ಸಾಲ ಕೊಟ್ಟು ಹಳೆಯದನ್ನು ತೀರಿಸಿಕೊಂಡ ಖಾತೆಗಳ ಸಂಖ್ಯೆ. ಕಚೇರಿಗಳಲ್ಲಿ ಸಕಾಲ ಇದಕ್ಕೆ ಒಳ್ಳೆಯ ಉದಾಹರಣೆ. 2011ರ ಕಾಯ್ದೆಯ ಮೇಲೆ 2012ರಲ್ಲಿ ರಾಜ್ಯದ ತುಂಬ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಪ್ರತಿ ಸೇವೆಗೂ ಇಷ್ಟು ದಿನ ಎಂದು ನಿಗದಿ ಇದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರವೂ ಇದೆ. ಆದರೆ ದಿನಗಳನ್ನು ಮಾತ್ರ ನೋಡಿದರೆ ಅರ್ಜಿ ತಿರಸ್ಕರಿಸಿದ್ದೂ ವಿಲೇವಾರಿಯ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ತಮ್ಮ ಕಚೇರಿಯನ್ನು ಸುಧಾರಿಸಬೇಕೆನ್ನುವ ಅಧಿಕಾರಿ ನೂರು ಅರ್ಜಿಗೆ ಎಷ್ಟು ತಿರಸ್ಕಾರ ಎನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಸಬೇಕು.

ಗುರಿಗೂ ಕೂಲಿಗೂ ಗಂಟು ಹಾಕಬಹುದೇ?

ಮೊದಲ ವರ್ಷ ಬೇಡ. ಆಲ್ಟರ್ ಬಂದರೆ ಕೂಲಿ ಮುರಿಯುತ್ತೇವೆ ಎಂದ ದಿನವೇ ಆಲ್ಟರ್ ಪೀಸುಗಳು ಬಂಡಲಿನ ಅಡಿಗೆ ಹೋಗುತ್ತವೆ, ಚೆಕಿಂಗ್ ಹುಡುಗನ ಮೇಲೆ ಒತ್ತಡ ಬೀಳುತ್ತದೆ, ನಿಮ್ಮ ಹಾಳೆಯ ಗೆರೆಗಳು ಸುಳ್ಳಾಗುತ್ತವೆ. ಅಂಕಿ ಸುಳ್ಳಾದ ಮೇಲೆ ಗುರಿಯಿಂದ ಏನೂ ಪ್ರಯೋಜನ ಇಲ್ಲ. ಮೇಲೆ ನೋಡಿದಂತೆ ದೋಷದ ದೊಡ್ಡ ಪಾಲು ಟೇಲರ್ ಕೈಗೆ ಸಿಗದ ಜಾಗದಲ್ಲಿ ಹುಟ್ಟಿರುತ್ತದೆ. ಕಟಿಂಗ್ ತಪ್ಪಿಗೆ ಹೊಲಿಯುವ ಅಕ್ಕನ ಕೂಲಿ ಮುರಿಯುವುದು ಅನ್ಯಾಯ.

ಪೀಸ್ ರೇಟಿನಲ್ಲಿ ಕೆಲಸ ಮಾಡುವವರಿಗೆ ಸಂಖ್ಯೆಯೇ ಹೊಟ್ಟೆಪಾಡು. ಬಂಡಲ್ ಮಧ್ಯೆ ನಿಲ್ಲಿಸಿ ನೋಡಿ ಅಂದರೆ ಅವರಿಗೆ ನಷ್ಟ. ಆದ್ದರಿಂದ ನೋಡುವ ಸಮಯಕ್ಕೂ ರೇಟಿನಲ್ಲಿ ಜಾಗ ಕೊಡಬೇಕು, ಇಲ್ಲವೇ ಆ ಕೆಲಸಕ್ಕೆ ದಿನಗೂಲಿಯ ಒಬ್ಬರನ್ನು ಸಾಲಿನಲ್ಲಿ ನಿಲ್ಲಿಸಬೇಕು. ಉಳಿತಾಯವಾದದ್ದನ್ನು ಹಂಚುವುದಾದರೆ ಇಡೀ ಸಾಲಿಗೆ ಹಂಚಿ, ಒಬ್ಬೊಬ್ಬರಿಗೆ ಬೇಡ. ಒಬ್ಬೊಬ್ಬರಿಗೆ ಹಂಚಿದಲ್ಲಿ ಹೊಸಬರಿಗೆ ಹಳಬರು ಕೆಲಸ ಕಲಿಸುವುದು ನಿಲ್ಲುತ್ತದೆ.

ಮೂರು ತಿಂಗಳ ಅವಧಿ ನಮ್ಮ ಭಾಗಕ್ಕೆ ಹೊಂದುತ್ತದೆಯೇ?

ಜೀನ್ಸ್ ಘಟಕಕ್ಕೆ, ಕಚೇರಿಗೆ ಹೊಂದುತ್ತದೆ. ಭತ್ತ, ಹತ್ತಿ, ಬೀಜದ ವ್ಯವಹಾರಕ್ಕೆ ಏಪ್ರಿಲ್-ಜೂನ್, ಜುಲೈ-ಸೆಪ್ಟೆಂಬರ್ ಎಂಬ ಭಾಗಗಳು ಹೊಂದುವುದಿಲ್ಲ. ತುಂಗಭದ್ರಾ ಕಾಲುವೆಯ ಮುಂಗಾರು ಭತ್ತ ನವೆಂಬರಿನಿಂದ ಮಿಲ್ಲಿಗೆ ಬರತೊಡಗುತ್ತದೆ, ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಬೇಸಿಗೆಯಲ್ಲಿ ಇನ್ನೊಂದು ಸುತ್ತು. ಗುರಿಯ ಅವಧಿಯೂ ಹಂಗಾಮಿನದೇ ಇರಲಿ: ಮೊದಲ ಲೋಡು ಬರುವ ಒಂದು ತಿಂಗಳು ಮುಂಚೆ ಗುರಿ ಬರೆಯುವುದು, ಕೊನೆಯ ಲೋಡಿನ ಮೇಲೆ ಲೆಕ್ಕ ಮುಗಿಸುವುದು.

ಹಾಜರಾತಿಯನ್ನೂ ಮರೆಯಬೇಡಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಬೇಸಿಗೆಯಲ್ಲಿ ಹುಲಿಗೆಮ್ಮನ ಜಾತ್ರೆ, ಅಲಾಯಿ ಹಬ್ಬ (ಮೊಹರಂ), ಯುಗಾದಿ. ಆ ವಾರಗಳಲ್ಲಿ ಒಟ್ಟು ಉತ್ಪಾದನೆ ಬೀಳುತ್ತದೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಮೊಹರಂ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಕಳೆದ ವರ್ಷದ ಅದೇ ತಿಂಗಳಿನೊಡನೆ ಹೋಲಿಸಿದರೂ ಲೆಕ್ಕ ತಪ್ಪುತ್ತದೆ. ಗುಳೆ ಹೋಗುವ ತಿಂಗಳುಗಳಲ್ಲೂ ಹಾಗೆಯೇ. ಒಟ್ಟು ಪೀಸಿನ ಬದಲು ಹಾಜರಿದ್ದ ಒಬ್ಬರಿಗೆ ಎಷ್ಟು ಪೀಸು ಎಂದು ಬರೆದರೆ ಈ ತೊಡಕು ಬಹುಪಾಲು ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನದ ಕೆಲಸ ನಿಧಾನವಾಗುವುದು ಮೈಗಳ್ಳತನ ಅಲ್ಲ. ಆಗ ಗುರಿ ಏರಿಸುವ ಬದಲು ಪಾಳಿಯನ್ನು ಬೆಳಿಗ್ಗೆಗೆ ಸರಿಸಿ.

ಕೆಪಿಐ ಬೇರೆ, ಓಕೆಆರ್ ಬೇರೆಯೇ?

ಬೇರೆ. ಕೆಪಿಐ ಅಂದರೆ ಸದಾ ಗಮನಿಸುವ ಮುಖ್ಯ ಸೂಚಕ. ಬಿ.ಪಿ. ನೋಡುತ್ತಲೇ ಇರಬೇಕು, ಅದು ಕೆಪಿಐ. "ಮೂರು ತಿಂಗಳಲ್ಲಿ ಐದು ಕೆ.ಜಿ. ಇಳಿಸಬೇಕು" ಎಂದು ತೀರ್ಮಾನಿಸಿದರೆ ಅದು ಓಕೆಆರ್. ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಜಾಗದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕಲ್ಲಿದ್ದಲು ಉರಿಯಿತು ಎನ್ನುವುದು ದಿನವೂ ನೋಡುವ ಅಂಕಿ. ಅದನ್ನು ಇಷ್ಟರಿಂದ ಇಷ್ಟಕ್ಕೆ ಇಳಿಸುತ್ತೇವೆ ಎಂದು ದಿನಾಂಕ ಹಾಕಿದರೆ ಅದೇ ಅಂಕಿ ಗುರಿಯಾಗುತ್ತದೆ.

ಸರ್ಕಾರಿ ಕೆಲಸದಲ್ಲಿ ಇದನ್ನು ಮಾಡಿದ್ದುಂಟೇ?

ರಾಯಚೂರಿನಲ್ಲೇ ಇದೆ. 2018ರ ಜನವರಿಯಲ್ಲಿ ಶುರುವಾದ ಮಹತ್ವಾಕಾಂಕ್ಷಿ ಜಿಲ್ಲೆಗಳ ಯೋಜನೆಯಲ್ಲಿ ದೇಶದ 112 ಜಿಲ್ಲೆಗಳಿವೆ, ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ. ಅಲ್ಲಿ 49 ಸೂಚಕಗಳನ್ನು ಅಳೆಯುತ್ತಾರೆ. ಆರೋಗ್ಯ-ಪೌಷ್ಟಿಕತೆಗೆ ನೂರಕ್ಕೆ 30, ಶಿಕ್ಷಣಕ್ಕೆ 30, ಕೃಷಿ-ಜಲಸಂಪನ್ಮೂಲಕ್ಕೆ 20, ಹಣಕಾಸು ಸೇರ್ಪಡೆ-ಕೌಶಲಕ್ಕೆ 10, ಮೂಲಸೌಕರ್ಯಕ್ಕೆ 10 ತೂಕ.

ನಮಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ರ‍್ಯಾಂಕ್ ಕೊಡುವ ಕ್ರಮ. ತಿಂಗಳ ರ‍್ಯಾಂಕು ಹಿಂದಿನ ತಿಂಗಳಿಗಿಂತ ಎಷ್ಟು ಸುಧಾರಿಸಿತು ಎನ್ನುವುದರ ಮೇಲೆ ನಿಲ್ಲುತ್ತದೆ. ಹಿಂದುಳಿದ ಜಿಲ್ಲೆಗೂ ಮೊದಲ ಸ್ಥಾನಕ್ಕೆ ಬರುವ ದಾರಿ ತೆರೆದಿರುತ್ತದೆ. ನಿಮ್ಮ ಸಂಘದ ಹತ್ತು ಶಾಖೆಗಳನ್ನು ಹೋಲಿಸುವಾಗಲೂ ಹೀಗೇ ಮಾಡಿ. ಪಟ್ಟಣದ ಶಾಖೆಗೂ ಮಸ್ಕಿ, ದೇವದುರ್ಗದ ಶಾಖೆಗೂ ಒಟ್ಟು ಠೇವಣಿಯಲ್ಲಿ ಪೈಪೋಟಿ ಇಟ್ಟರೆ ಹಳ್ಳಿ ಶಾಖೆಯವರು ಮೊದಲ ತಿಂಗಳೇ ಕೈಚೆಲ್ಲುತ್ತಾರೆ. 49 ಸೂಚಕ ಇಡೀ ಜಿಲ್ಲಾಡಳಿತಕ್ಕೆ ಸರಿ. ಅದನ್ನು ನೋಡಿ ನಿಮ್ಮ ಘಟಕಕ್ಕೆ 49 ಬರೆಯಬೇಡಿ.

ವಾರದ ಸಭೆ ಹೇಗೆ ನಡೆಸಬೇಕು?

ಹದಿನೈದು ನಿಮಿಷ, ಬೋರ್ಡಿನ ಮುಂದೆ, ನಿಂತುಕೊಂಡು, ವಾರದ ಒಂದೇ ದಿನ ಒಂದೇ ಹೊತ್ತಿಗೆ. ಪಾಳಿ ಬದಲಾಗುವ ಸಮಯ ಒಳ್ಳೆಯದು, ಎರಡೂ ಪಾಳಿಯವರು ಸಿಗುತ್ತಾರೆ. ಅಂಕಿ ಎಷ್ಟಾಯಿತು, ಯಾವುದರಿಂದ ಅಲುಗಿತು, ಏನು ಅಡ್ಡ ಬಂತು, ಮುಂದಿನ ವಾರದೊಳಗೆ ಯಾರು ಏನು ಮಾಡುತ್ತಾರೆ. ಇಷ್ಟೇ ಮಾತು. ಕೊನೆಗೆ ಪ್ರತಿ ಅಳತೆಯ ಜವಾಬ್ದಾರರು ಗುರಿ ಮುಟ್ಟುವ ನಂಬಿಕೆಯನ್ನು ಹತ್ತಕ್ಕೆ ಎಷ್ಟು ಎಂದು ಹೇಳಲಿ. ಏಳು ಇದ್ದದ್ದು ನಾಲ್ಕಕ್ಕೆ ಇಳಿದರೆ ಅಂಕಿ ಕೆಡುವ ಮುಂಚೆಯೇ ನಿಮಗೆ ಸುಳಿವು ಸಿಕ್ಕಿತು.

ಕೇಳುವ ರೀತಿ ಬಹಳ ಮುಖ್ಯ. "ಯಾರು ಮಾಡಿದ್ದು ಇದನ್ನ?" ಎಂದರೆ ಎಲ್ಲರೂ ನೆಲ ನೋಡುತ್ತಾರೆ. "ಅಕ್ಕಾ, ಈ ಬಂಡಲ್‌ನಾಗ ಎಲ್ಲಿ ತ್ರಾಸ ಆತು?" ಎಂದರೆ ಬಾಬಿನ್ ದಾರ ಸಡಿಲ ಇದ್ದದ್ದು, ಸೂಜಿ ಮೊಂಡಾಗಿ ಎರಡು ದಿನವಾದದ್ದು, ಸೂಜಿ ಕೇಳಿದರೂ ಸ್ಟೋರಿನವರು ಕೊಡದಿದ್ದದ್ದು ಎಲ್ಲ ಹೊರಗೆ ಬರುತ್ತದೆ. ಅಡ್ಡಿ ಮೇಲಿನವರ ಕಡೆಯಿಂದ ಇದ್ದರೆ ಮುಂದಿನ ಸಭೆಯಲ್ಲಿ ಮೊದಲು ಉತ್ತರ ಹೇಳಬೇಕಾದವರು ಮಾಲೀಕರು. ಮಾಲೀಕರ ಕೆಲಸವೂ ಹೆಸರು, ದಿನಾಂಕದ ಸಮೇತ ಬೋರ್ಡಿನ ಮೇಲೆ ಇರಲಿ.

ಕೊನೆಯಲ್ಲಿ ಅಂಕ ಕೊಡುವುದು ಹೇಗೆ?

ಎಷ್ಟು ದಾರಿ ನಡೆದಿರಿ ಎನ್ನುವುದನ್ನು ಒಟ್ಟು ನಡೆಯಬೇಕಿದ್ದ ದಾರಿಯಿಂದ ಭಾಗಿಸಿ. 9ರಿಂದ 4ಕ್ಕೆ ಇಳಿಸಬೇಕಿತ್ತು, 6ಕ್ಕೆ ಬಂದಿರಿ. ನಡೆದದ್ದು 3, ನಡೆಯಬೇಕಿದ್ದದ್ದು 5, ಅಂಕ 0.6. ಕೈಗೆಟುಕುವುದು ಕಷ್ಟ ಎಂದು ತಿಳಿದೇ ಇಟ್ಟ ಗುರಿಯಲ್ಲಿ 0.6, 0.7 ಒಳ್ಳೆಯ ಅಂಕ. ಆದರೆ ಸಂಬಳ ಐದನೇ ತಾರೀಖಿನೊಳಗೆ ಆಗುವುದು, ಬಾಯ್ಲರ್ ತಪಾಸಣೆ ಮುಗಿಸುವುದು ಇಂಥವಕ್ಕೆ 1ಕ್ಕಿಂತ ಕಡಿಮೆ ಬರಬಾರದು. ಯಾವ ಗುರಿ ಯಾವ ಬಗೆಯದು ಎನ್ನುವುದನ್ನು ಶುರುವಿನಲ್ಲೇ ಬರೆದಿಡಿ.

ನಡುವೆ ಗುರಿ ಬದಲಿಸಬಹುದೇ?

ಹೊರಗಿನ ಪರಿಸ್ಥಿತಿ ಬದಲಾದರೆ ಬದಲಿಸಬಹುದು, ಕಷ್ಟವಾಯಿತೆಂದು ಬದಲಿಸಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಗಿ, ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಗಿ ಬಂದಾಗ ಅಚ್ಚುಕಟ್ಟಿನ ಭತ್ತವನ್ನು ನಂಬಿದ ಯಾವ ಲೆಕ್ಕವೂ ಮರುದಿನ ಹಾಗೇ ಉಳಿಯುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ಎಷ್ಟು ಭತ್ತ ಗಿರಣಿ ಮಾಡುತ್ತೇವೆ ಎಂಬ ಗುರಿಯನ್ನು ತಿದ್ದಿ. ಆದರೆ ನೂರಕ್ಕೆ ಎಷ್ಟು ನುಚ್ಚು ಎಂಬುದಕ್ಕೂ ನೀರಿಗೂ ಸಂಬಂಧ ಕಡಿಮೆ, ಅದು ಹಾಗೇ ಇರಲಿ. ಹಳೆಯ ಅಂಕಿಯನ್ನು ಅಳಿಸದೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನೂ ದಿನಾಂಕವನ್ನೂ ಕಾರಣವನ್ನೂ ಬರೆಯಿರಿ.

ನುಚ್ಚು ಇಳಿಸುವ ಗುರಿ ಇಟ್ಟೆವು, ಎರಡು ತಿಂಗಳಾದರೂ ಅಲುಗಲಿಲ್ಲ. ಎಲ್ಲಿ ನೋಡಬೇಕು?

ಗಿರಣಿಗಿಂತ ಮುಂಚೆ ಕಣದಲ್ಲಿ ನೋಡಿ. ಉರಿಬಿಸಿಲಿಗೆ ತೆಳ್ಳಗೆ ಹರವಿ ಗಡಿಬಿಡಿಯಲ್ಲಿ ಒಣಗಿಸಿದ ಕಾಳು, ರಾತ್ರಿ ಇಬ್ಬನಿಗೆ ಮತ್ತೆ ತೇವ ಹೀರಿದ ಕಾಳು ಒಳಗೇ ಬಿರುಕು ಬಿಟ್ಟಿರುತ್ತದೆ. ಅಂಥ ಕಾಳನ್ನು ಯಾವ ಯಂತ್ರಕ್ಕೆ ಹಾಕಿದರೂ ಒಡೆಯುತ್ತದೆ. ಎರಡರಿಂದ ನಾಲ್ಕು ಸೆಂ.ಮೀ. ದಪ್ಪ ಹರವಿ, ಅರ್ಧ ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ಗುಡ್ಡೆ ಮಾಡಿ ತಾಡಪಾಲು ಮುಚ್ಚಬೇಕು. ಆಮೇಲೆ ಗಿರಣಿಗೆ ಬನ್ನಿ: ರಬ್ಬರ್ ರೋಲಿನ ಸವೆತ, ಎರಡು ರೋಲುಗಳ ನಡುವಿನ ಅಂತರ, ಒಂದು ರೋಲಿನ ಅಗಲದುದ್ದಕ್ಕೂ ಭತ್ತ ಸಮನಾಗಿ ಬೀಳುತ್ತಿದೆಯೇ ಎಂಬುದು. ಬಿರುಕು ಎಲ್ಲಿಂದ ಬಂತು ಎಂದು ತಿಳಿಯಲು ಗಿರಣಿಗೆ ಹಾಕುವ ಮುಂಚೆಯೇ ನೂರು ಕಾಳನ್ನು ಕೈಯಲ್ಲಿ ಸುಲಿದು ಬೆಳಕಿಗೆ ಹಿಡಿದು ಎಣಿಸಿ. ಅಲ್ಲೇ ಹದಿನೈದು ಕಾಳು ಬಿರುಕು ಬಿಟ್ಟಿದ್ದರೆ ಆಪರೇಟರಿಗೆ 8ರ ಗುರಿ ಕೊಟ್ಟದ್ದೇ ತಪ್ಪು, ಅದು ಕಣದವರಿಗೂ ಖರೀದಿಯವರಿಗೂ ಸೇರಬೇಕಿತ್ತು.

ಶಾಲೆಗೆ ಇದು ಹೊಂದುತ್ತದೆಯೇ?

ಹೊಂದುತ್ತದೆ, ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೊಂದೇ ಗುರಿಯಾಗಿ ಇಡಬೇಡಿ. ಅದು ವರ್ಷಕ್ಕೊಮ್ಮೆ ಬರುತ್ತದೆ, ಬಂದ ಮೇಲೆ ತಿದ್ದಲು ಏನೂ ಉಳಿದಿರುವುದಿಲ್ಲ. "ಒಂಬತ್ತನೇ ತರಗತಿಯಲ್ಲಿ ಭಾಗಾಕಾರ ಬಾರದ 22 ಮಕ್ಕಳಿದ್ದಾರೆ, ದಸರೆ ರಜೆಯ ಮುಂಚೆ ಐದಕ್ಕೆ ಇಳಿಯಬೇಕು, ಹದಿನೈದು ದಿನಕ್ಕೊಮ್ಮೆ ಹತ್ತು ಲೆಕ್ಕದ ಪರೀಕ್ಷೆ" ಎಂದು ಬರೆದರೆ ಗಣಿತದ ಮೇಷ್ಟ್ರಿಗೆ ನಾಳೆ ಮಾಡುವ ಕೆಲಸ ಸಿಕ್ಕಿತು. ಮಕ್ಕಳ ಹೆಸರು ಬೋರ್ಡಿನ ಮೇಲೆ ಬರಬಾರದು, ಸಂಖ್ಯೆ ಮಾತ್ರ.

ಇದಕ್ಕೆ ಯಾವ ಸಾಫ್ಟ್‌ವೇರ್ ಬೇಕು?

ಐವತ್ತು ಜನರವರೆಗೆ ಬೇಕಿಲ್ಲ. ಕೆಲಸದ ಜಾಗದಲ್ಲೇ ಎಲ್ಲರ ಕಣ್ಣಿಗೆ ಬೀಳುವ ನಾಲ್ಕು ಅಡಿ, ಮೂರು ಅಡಿಯ ಬೋರ್ಡು, ಒಂದು ರಿಜಿಸ್ಟರ್, ಲೆಕ್ಕಕ್ಕೆ ಎಕ್ಸೆಲ್ ಸಾಕು. ವಾಟ್ಸ್‌ಆ್ಯಪ್ ಗುಂಪಿಗೆ ಬೋರ್ಡಿನ ಫೋಟೊ ಹಾಕಿ, ಅದೂ ವಾರಕ್ಕೊಮ್ಮೆ. ಬಳ್ಳಾರಿ, ರಾಯಚೂರಿನಲ್ಲಿ ತೆಲುಗು, ಉರ್ದು ಮಾತಾಡುವವರೂ, ಹೊರರಾಜ್ಯದಿಂದ ಬಂದ ಹಮಾಲರೂ ಒಂದೇ ಶೆಡ್ಡಿನಲ್ಲಿ ಇರುತ್ತಾರೆ. ಬರಹಕ್ಕಿಂತ ಗೆರೆಚಿತ್ರ ಎಲ್ಲರಿಗೂ ತಿಳಿಯುತ್ತದೆ: ಈಗಿನ ಮಟ್ಟದಿಂದ ಗುರಿಯವರೆಗೆ ಒಂದು ಓರೆ ಗೆರೆ, ಅದರ ಮೇಲೆ ವಾರ ವಾರದ ಚುಕ್ಕೆ. ಚುಕ್ಕೆ ಇಡುವುದು ಆ ಕೆಲಸ ಮಾಡುವವರದೇ ಕೈ ಇರಲಿ, ಗುಮಾಸ್ತರದ್ದು ಬೇಡ.

ಹಳೆಯ ಲೆಕ್ಕ ಎಷ್ಟು ದಿನ ಇಟ್ಟುಕೊಳ್ಳಬೇಕು?

ಕನಿಷ್ಠ ಎರಡು ಪೂರ್ತಿ ವರ್ಷ, ಅಂದರೆ ಪ್ರತಿ ಹಂಗಾಮಿಗೂ ಹೋಲಿಸಲು ಹಿಂದಿನದೊಂದು ಇರುವಷ್ಟು. ಅಂಕಿಯ ಜೊತೆಗೆ ವ್ಯಾಖ್ಯೆಯ ಸಾಲು, ಅಳೆದ ಮೀಟರಿನ ಹೆಸರು, ಕೆಲಸದ ದಿನಗಳ ಸಂಖ್ಯೆ, ದೋಷಗಳ ಗೆರೆ ಹಾಕಿದ ಮೂಲ ಹಾಳೆ ಇವೂ ಇರಲಿ. ಎಕ್ಸೆಲ್‌ಗೆ ಏರಿಸಿದ ಮೇಲೆ ಮೂಲ ಹಾಳೆಯನ್ನು ರದ್ದಿಗೆ ಹಾಕುವುದು ಎಲ್ಲ ಕಡೆ ನಡೆಯುತ್ತದೆ. ಮುಂದಿನ ವರ್ಷ "ಇತರೆ 50" ಎಂದಿದ್ದದ್ದರಲ್ಲಿ ಏನೇನಿತ್ತು ಎಂದು ನೋಡಬೇಕಾದಾಗ ಬೇಕಾಗುವುದು ಆ ಹಾಳೆಯೇ.